ಒಂದು ಸಣ್ಣ ರಂಧ್ರದ ಕಥೆ

ನಾವು ದಿನಾಲು ಬಳಸುವ ಸಾಧನಗಳು ಕಾಲಕಾಲಕ್ಕೆ ಬದಲಾಗುತ್ತವೆ. ಕೆಲವು ಭಾಗಗಳು ಹೊಸದಾಗಿ ಸೇರುತ್ತವೆ. ಕೆಲವು ನಮ್ಮ ಗಮನಕ್ಕೆ ಬಾರದಂತೆ ಮರೆಯಾಗುತ್ತವೆ. ಮೊಬೈಲ್ ಫೋನಿನ ಅಂಚಿನಲ್ಲಿದ್ದ ಹೆಡ್‌ಫೋನ್ ರಂಧ್ರ ಹೀಗೆ ಮರೆಯಾಗುತ್ತಿರುವ ಒಂದು ಭಾಗ. ಅದು ಎಲ್ಲಿಂದ ಬಂದಿತು, ಅದನ್ನು ಏಕೆ ತೆಗೆದರು, ತೆಗೆದದ್ದರಿಂದ ಯಾರಿಗೆ ಏನಾಯಿತು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಗೌರಿ ಜತ್ತ ತಾಲೂಕಿನ ಒಂದು ಹಳ್ಳಿಯ ಹುಡುಗಿ. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಅವಳ ಅಜ್ಜನಿಗೆ ಎಂಬತ್ತು ವರ್ಷ ದಾಟಿತ್ತು. ಕಣ್ಣು ಮಂಜಾಗಿ ಪತ್ರಿಕೆ ಓದಲು ಆಗುತ್ತಿರಲಿಲ್ಲ. ಆದರೆ ಕಿವಿ ಚುರುಕಾಗಿದ್ದವು. ಅಜ್ಜ ನಸುಕಿನಲ್ಲಿಯೇ ಎದ್ದು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಮಲಗಿದವರಿಗೆ ಎಚ್ಚರವಾಗಬಾರದೆಂದು ತಮ್ಮ ಹಳೆಯ ಬಟನ್ ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ವಿಜಯಪುರ ಆಕಾಶವಾಣಿ ಕೇಳುತ್ತಿದ್ದರು. ಕನ್ನಡ ವಾರ್ತೆ, ರೈತರ ಕಾರ್ಯಕ್ರಮ, ವಚನಗಾಯನ, ಜನಪದ ಹಾಡು ಎಲ್ಲವೂ ಅವರಿಗೆ ಬೇಕು. ಮನೆಯವರು ಏಳುವ ಹೊತ್ತಿಗೆ ಅಜ್ಜನ ಬಳಿ ಆ ದಿನದ ಸುದ್ದಿ ಸಿದ್ಧವಾಗಿರುತ್ತಿತ್ತು.

"ಇವತ್ತು ಸಂಜೆ ಮಳೆ ಬರುತ್ತದಂತೆ. ಮೇವು ಒಳಗೆ ಹಾಕಿರಿ" ಎಂದು ಅವರು ಹೇಳಿದರೆ ಅಪ್ಪ ಮರುಮಾತಾಡದೆ ಮೇವು ಒಳಗೆ ಹಾಕುತ್ತಿದ್ದರು.

ಆ ಫೋನಿನ ಬ್ಯಾಟರಿ ಹಳೆಯದಾಗಿ ಅರ್ಧ ಗಂಟೆಯೂ ನಿಲ್ಲದಂತಾಯಿತು. ದೀಪಾವಳಿಗೆ ಪುಣೆಯಿಂದ ಬಂದ ಕಾಕಾ ಅಜ್ಜನಿಗಾಗಿ ಒಂದು ಹೊಸ ಸ್ಮಾರ್ಟ್‌ಫೋನ್ ತಂದರು. ಅದರ ಪರದೆ ದೊಡ್ಡದು, ಬಣ್ಣ ಚೆಂದ. ಎಲ್ಲರೂ ಕೈಯಲ್ಲಿ ಹಿಡಿದು ನೋಡಿ ಸಂತೋಷಪಟ್ಟರು. ಮರುದಿನ ನಸುಕಿನಲ್ಲಿ ಅಜ್ಜ ಗೌರಿಯನ್ನು ಎಬ್ಬಿಸಿದರು.

"ಗೌರವ್ವಾ, ಈ ಫೋನಿಗೆ ಇಯರ್‌ಫೋನ್ ಎಲ್ಲಿ ಸಿಕ್ಕಿಸಬೇಕು, ಸ್ವಲ್ಪ ನೋಡು. ನನ್ನ ಬೆರಳಿಗೆ ಸಿಗವಲ್ಲದು."

ಗೌರಿ ಫೋನನ್ನು ತಿರುಗಿಸಿ ನಾಲ್ಕೂ ಅಂಚು ನೋಡಿದಳು. ಚಾರ್ಜರ್ ಹಾಕುವ ಚಪ್ಪಟೆ ರಂಧ್ರ ಮಾತ್ರ ಇತ್ತು. ಇಯರ್‌ಫೋನಿನ ದುಂಡನೆಯ ಪಿನ್ನಿಗೆ ಜಾಗವೇ ಇರಲಿಲ್ಲ.

"ಅಜ್ಜಾ, ಇದಕ್ಕೆ ಆ ರಂಧ್ರವೇ ಇಲ್ಲ!"

ಅಪ್ಪ ಜತ್ತದ ಪೇಟೆಯಿಂದ ಒಂದು ಗೇಣಿಗಿಂತ ಚಿಕ್ಕದಾದ ಜೋಡಣೆಯ ವಾಯರ್ ತಂದರು. ಅದರ ಒಂದು ತುದಿ ಚಾರ್ಜರ್ ರಂಧ್ರಕ್ಕೆ, ಇನ್ನೊಂದು ತುದಿ ಇಯರ್‌ಫೋನಿಗೆ. ಸಿಕ್ಕಿಸಿದಾಗ ಫೋನಿನಲ್ಲಿದ್ದ ಹಾಡು ಕೇಳಿಸಿತು. ಆದರೆ ರೇಡಿಯೊ ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಫೋನಿನಲ್ಲಿ ರೇಡಿಯೊ ಸೌಲಭ್ಯವೇ ಇರಲಿಲ್ಲ. "ಇರಲಿ ಬಿಡಿರಿ" ಎಂದು ಅಜ್ಜ ಫೋನನ್ನು ಗೂಡಿನಲ್ಲಿಟ್ಟರು. ಮುಂದಿನ ಮೂರು ದಿನ ಅವರು ನಸುಕಿನಲ್ಲಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ಸುದ್ದಿ ಹೇಳಲು ಅವರ ಬಳಿ ಏನೂ ಇರಲಿಲ್ಲ. ಗೌರಿಗೆ ಅದನ್ನು ನೋಡಲಾಗಲಿಲ್ಲ.

ರಜೆ ಮುಗಿದು ಶಾಲೆ ಆರಂಭವಾದಾಗ ಅವಳು ಕೇಳಿದಳು: "ಗುರೂಜಿ, ಹೊಸ ಫೋನುಗಳಲ್ಲಿ ಇಯರ್‌ಫೋನ್ ರಂಧ್ರ ಏಕೆ ಇರುವುದಿಲ್ಲ?"

"ಒಳ್ಳೆಯ ಪ್ರಶ್ನೆ. ನಾಳೆ ಕೆಲವು ವಸ್ತು ತರುತ್ತೇನೆ. ನೋಡುತ್ತ ಮಾತಾಡೋಣ" ಎಂದರು ಗುರೂಜಿ.

ಮರುದಿನ ಮೇಜಿನ ಮೇಲೆ ಹಳೆಯ ರೇಡಿಯೊ, ಕ್ಯಾಸೆಟ್ ಹಾಕುವ ಟೇಪ್, ಶಾಲೆಯ ಗಣಕಯಂತ್ರ ಮತ್ತು ಗುರೂಜಿಯವರ ಫೋನು ಇದ್ದವು. ಗುರೂಜಿ ಒಂದೇ ಇಯರ್‌ಫೋನನ್ನು ಒಂದಾದ ಮೇಲೊಂದರಂತೆ ಎಲ್ಲದಕ್ಕೂ ಸಿಕ್ಕಿಸಿದರು. ಮಕ್ಕಳು ಸರದಿಯಂತೆ ಬಂದು ಕೇಳಿದರು. ಎಲ್ಲದರಿಂದಲೂ ಧ್ವನಿ ಬಂದಿತು.

"ನೋಡಿದಿರಾ? ಈ ಟೇಪಿಗೆ ನಿಮ್ಮ ತಂದೆಯಷ್ಟು ವಯಸ್ಸು. ಈ ಇಯರ್‌ಫೋನ್ ಹೋದ ವರ್ಷದ್ದು. ಆದರೂ ಎರಡೂ ಒಂದಕ್ಕೊಂದು ಹೊಂದುತ್ತವೆ. ಏಕೆಂದರೆ ಪಿನ್ನಿನ ದಪ್ಪ ಎಲ್ಲ ಕಡೆಗೂ ಒಂದೇ, 3.5 ಮಿಲಿಮೀಟರ್. ಯಾವ ದೇಶದಲ್ಲಿ, ಯಾವ ಕಂಪನಿ ತಯಾರಿಸಿದರೂ ಅಳತೆ ಬದಲಾಗುವುದಿಲ್ಲ."

ಗುರೂಜಿ ಪಿನ್ನನ್ನು ಎತ್ತಿ ತೋರಿಸಿದರು. ಅದರ ಮೇಲೆ ಮೂರು ಕಪ್ಪು ಉಂಗುರಗಳಿದ್ದವು. ಅವು ಪಿನ್ನನ್ನು ನಾಲ್ಕು ಭಾಗ ಮಾಡಿದ್ದವು. ಒಂದು ಭಾಗ ಎಡಗಿವಿಗೆ, ಒಂದು ಬಲಗಿವಿಗೆ, ಒಂದು ನಾವು ಮಾತಾಡುವ ಮೈಕಿಗೆ, ಇನ್ನೊಂದು ವಿದ್ಯುತ್ತು ಮರಳಿ ಹೋಗುವ ದಾರಿ. ಫೋನಿನಿಂದ ಹೊರಟ ವಿದ್ಯುತ್ತು ವಾಯರಿನ ಮೂಲಕ ಕಿವಿಯ ಬಳಿ ಇರುವ ತಂತಿಯ ಸುರುಳಿಗೆ ತಲುಪುತ್ತದೆ. ಸುರುಳಿಯ ಪಕ್ಕದಲ್ಲಿ ಒಂದು ಅಯಸ್ಕಾಂತ ಇರುತ್ತದೆ. ವಿದ್ಯುತ್ತು ಏರಿಳಿದಂತೆ ಸುರುಳಿಗೆ ಅಂಟಿದ ತೆಳುವಾದ ಪೊರೆ ನಡುಗುತ್ತದೆ. ಆ ನಡುಕವೇ ನಮಗೆ ಧ್ವನಿಯಾಗಿ ಕೇಳಿಸುತ್ತದೆ. ಇಯರ್‌ಫೋನಿಗೆ ಬೇರೆ ಬ್ಯಾಟರಿ ಬೇಕಾಗಿಲ್ಲ.

"ಈ ಪಿನ್ನನ್ನು ಮೊದಲು ಯಾರು ಬಳಸಿದರು, ಗುರೂಜಿ?" ಎಂದು ಒಬ್ಬ ಹುಡುಗ ಕೇಳಿದ.

"ಟೆಲಿಫೋನ್ ಕಚೇರಿಯವರು. ಅಮೇರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ 1878ರಲ್ಲಿ ಟೆಲಿಫೋನ್ ವಿನಿಮಯ ಕೇಂದ್ರ ಆರಂಭವಾಯಿತು. ನಮ್ಮ ದೇಶದಲ್ಲಿ ಕೋಲ್ಕತಾ, ಮುಂಬಯಿ, ಚೆನ್ನೈ ನಗರಗಳಲ್ಲಿ 1882ರಲ್ಲಿ ಇಂಥ ಕೇಂದ್ರಗಳಿದ್ದವು. ಆಗ ಒಬ್ಬರು ಇನ್ನೊಬ್ಬರೊಡನೆ ಮಾತಾಡಬೇಕಾದರೆ ನಡುವೆ ಕುಳಿತ ನೌಕರರು ವಾಯರ್ ಜೋಡಿಸಿ ಕೊಡಬೇಕಾಗಿತ್ತು. ಸಾಲುಸಾಲು ರಂಧ್ರಗಳಿದ್ದ ದೊಡ್ಡ ಹಲಗೆಯಲ್ಲಿ ಪಿನ್ನನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಸಿಕ್ಕಿಸುವುದೇ ಅವರ ಕೆಲಸ. ದಿನಕ್ಕೆ ಎಷ್ಟು ಸಲ ಹಾಕಿ ತೆಗೆದರೂ ಸವೆಯದ ಗಟ್ಟಿಯಾದ ಪಿನ್ನು ಅವರಿಗೆ ಬೇಕಾಗಿತ್ತು. ಹಾಗೆ ಬಂದ ಪಿನ್ನಿನ ದಪ್ಪ 6.35 ಮಿಲಿಮೀಟರ್. ನಮ್ಮೂರ ಭಜನಾ ಮಂಡಳಿಯ ಧ್ವನಿವರ್ಧಕಕ್ಕೆ ಮೈಕು ಸಿಕ್ಕಿಸುವಾಗ ದಪ್ಪ ಪಿನ್ನು ನೋಡಿದ್ದೀರಲ್ಲವೆ? ಅದೇ ಇದು."

ಮಕ್ಕಳಿಗೆ ಆಶ್ಚರ್ಯವಾಯಿತು. ಗುರೂಜಿ ಮುಂದುವರಿಸಿದರು.

"ಸಾಧನಗಳು ಚಿಕ್ಕವಾದಂತೆ ಪಿನ್ನೂ ಚಿಕ್ಕದಾಯಿತು. ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ರೇಡಿಯೊ ಬಂದಾಗ ಒಂದೇ ಕಿವಿಗೆ ಹಾಕುವ ಇಯರ್‌ಫೋನ್ ಅದರ ಜೊತೆಗಿರುತ್ತಿತ್ತು. 1979ರ ಜುಲೈ 1ರಂದು ಜಪಾನಿನ ಸೋನಿ ಕಂಪನಿ 'ವಾಕ್‌ಮನ್' ಎಂಬ ಚಿಕ್ಕ ಟೇಪನ್ನು ಮಾರಾಟಕ್ಕೆ ತಂದಿತು. ಅದರಿಂದ 3.5 ಮಿಲಿಮೀಟರ್ ರಂಧ್ರ ಜಗತ್ತಿಗೆಲ್ಲ ಪರಿಚಯವಾಯಿತು. ಆ ಮೊದಲ ವಾಕ್‌ಮನ್‌ನಲ್ಲಿ ಒಂದಲ್ಲ, ಎರಡು ರಂಧ್ರಗಳಿದ್ದವು. ಇಬ್ಬರು ಗೆಳೆಯರು ಕೂಡಿ ಒಂದೇ ಹಾಡು ಕೇಳಲಿ ಎಂಬುದು ಅದರ ಉದ್ದೇಶ. ಮುಂದೆ ಇದೇ ರಂಧ್ರ ಗಣಕಯಂತ್ರಕ್ಕೆ ಬಂದಿತು, ಮೊಬೈಲ್ ಫೋನಿಗೂ ಬಂದಿತು."

"ಇಷ್ಟು ಉಪಯೋಗಿ ವಸ್ತುವನ್ನು ಏಕೆ ತೆಗೆದರು?" ಗೌರಿಯ ಪ್ರಶ್ನೆ ಅಲ್ಲಿಯೇ ನಿಂತಿತ್ತು.

"ಹೇಳುತ್ತೇನೆ. ಚೀನದ ಒಪ್ಪೊ ಕಂಪನಿ 2014ರಲ್ಲಿ 4.85 ಮಿಲಿಮೀಟರ್ ದಪ್ಪದ ಬಹಳ ತೆಳುವಾದ ಫೋನು ಮಾಡಿತು. ಅದರಲ್ಲಿ ಈ ರಂಧ್ರ ಇರಲಿಲ್ಲ. ಆಗ ಜನ ಹೆಚ್ಚು ಗಮನಿಸಲಿಲ್ಲ. 2016ರ ಸೆಪ್ಟೆಂಬರ್ 7ರಂದು ಅಮೇರಿಕದ ಆ್ಯಪಲ್ ಕಂಪನಿ ತನ್ನ 'ಐಫೋನ್ 7' ತೋರಿಸಿತು. ಅದರಲ್ಲಿಯೂ ರಂಧ್ರ ಇರಲಿಲ್ಲ. ಆಗ ಜಗತ್ತಿನಲ್ಲೆಲ್ಲ ಚರ್ಚೆ ನಡೆಯಿತು. ಗೂಗಲ್ ಕಂಪನಿ ಆ ವರ್ಷ ತನ್ನ ಫೋನಿನಲ್ಲಿ ರಂಧ್ರ ಇದೆಯೆಂದು ಜಾಹೀರಾತಿನಲ್ಲಿ ಹೇಳಿಕೊಂಡಿತು. ಆದರೆ ಮರುವರ್ಷ, 2017ರಲ್ಲಿ, ತಾನೂ ತೆಗೆಯಿತು. ಸ್ಯಾಮ್‌ಸಂಗ್ ಕಂಪನಿ 2019ರ ಆಗಸ್ಟ್‌ನಲ್ಲಿ ತನ್ನ 'ನೋಟ್ 10' ಫೋನಿನಿಂದ ತೆಗೆಯಿತು. ದುಬಾರಿ ಫೋನುಗಳಲ್ಲಿ ಈಗ ಅದು ಅಪರೂಪ."

ಗುರೂಜಿ ಫಲಕದ ಮೇಲೆ ಎರಡು ಸಾಲು ಬರೆದರು: 'ತೆಗೆದವರು ಹೇಳಿದ ಕಾರಣ', 'ನಾವು ಕೇಳಬಹುದಾದ ಪ್ರಶ್ನೆ'.

"ಮೊದಲನೆಯ ಕಾರಣ, ಜಾಗ. ಪಿನ್ನಿನ ಉದ್ದ ಸುಮಾರು 14 ಮಿಲಿಮೀಟರ್. ಅಷ್ಟು ಆಳದ ಕೊಳವೆ ಫೋನಿನ ಒಳಗೆ ಇರಬೇಕು. ಅದನ್ನು ತೆಗೆದರೆ ಕ್ಯಾಮೆರಾ, ಬ್ಯಾಟರಿ ಮುಂತಾದವುಗಳಿಗೆ ಜಾಗ ಸಿಗುತ್ತದೆ. ಇದು ನಿಜ. ಎರಡನೆಯ ಕಾರಣ, ನೀರು. ರಂಧ್ರ ಕಡಿಮೆಯಾದಷ್ಟು ನೀರು ಒಳಗೆ ಹೋಗುವ ದಾರಿಯೂ ಕಡಿಮೆ. ಇದೂ ನಿಜ. ಆದರೆ ಅದೇ 2016ರಲ್ಲಿ ಬಂದ ಸ್ಯಾಮ್‌ಸಂಗ್‌ನ 'ಗ್ಯಾಲಕ್ಸಿ ಎಸ್ 7' ಫೋನಿನಲ್ಲಿ ಹೆಡ್‌ಫೋನ್ ರಂಧ್ರವೂ ಇತ್ತು, ಅದು ಒಂದೂವರೆ ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂತೆಯೂ ಇತ್ತು. ಹಾಗಾದರೆ ರಂಧ್ರ ತೆಗೆಯಲೇಬೇಕಾಗಿತ್ತೆ?"

"ಬೇಕಾಗಿರಲಿಲ್ಲ!" ಎಂದರು ಮಕ್ಕಳು.

"ಮೂರನೆಯ ಕಾರಣ, ವಾಯರಿಲ್ಲದ ಇಯರ್‌ಫೋನ್. ಇದು ಬ್ಲೂಟೂತ್ ಎಂಬ ರೇಡಿಯೊ ಅಲೆಗಳಿಂದ ಕೆಲಸ ಮಾಡುತ್ತದೆ. ಸ್ವೀಡನ್ ದೇಶದ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಇದರ ಕೆಲಸ ಆರಂಭವಾಯಿತು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಒಬ್ಬ ರಾಜನ ಅಡ್ಡಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ವಾಯರ್ ತೊಡಕಾಗುವುದಿಲ್ಲ, ಓಡುವಾಗ, ಕೆಲಸ ಮಾಡುವಾಗ ಅನುಕೂಲ. ಆದರೆ ಒಂದೊಂದು ಕಿವಿಯ ತುಣುಕಿನಲ್ಲಿಯೂ ಸಣ್ಣ ಬ್ಯಾಟರಿ ಇರುತ್ತದೆ. ಅದನ್ನು ಚಾರ್ಜ್ ಮಾಡುತ್ತಿರಬೇಕು. ಕೆಲವು ವರ್ಷಗಳಲ್ಲಿ ಆ ಬ್ಯಾಟರಿ ದುರ್ಬಲವಾಗುತ್ತದೆ. ಸಾಮಾನ್ಯವಾಗಿ ಅದನ್ನು ತೆಗೆದು ಬೇರೆಯದನ್ನು ಹಾಕಲು ಬರುವುದಿಲ್ಲ. ಆಗ ಇಡೀ ತುಣುಕೇ ಇ-ತ್ಯಾಜ್ಯವಾಗುತ್ತದೆ. ಇನ್ನೊಂದು ಮಾತು ನೆನಪಿಡಿರಿ. ಆ್ಯಪಲ್ ಕಂಪನಿ ರಂಧ್ರವಿಲ್ಲದ ಫೋನು ತೋರಿಸಿದ ದಿನವೇ ತನ್ನ ವಾಯರಿಲ್ಲದ ಇಯರ್‌ಫೋನನ್ನೂ ತೋರಿಸಿತು. ಒಂದು ವಸ್ತು ಹೋದಾಗ ಅದರ ಬದಲಿಗೆ ಇನ್ನೊಂದನ್ನು ಕೊಳ್ಳಬೇಕಾಗುತ್ತದೆ."

"ನಮ್ಮ ಅಜ್ಜನಿಗೆ ಹಾಡು ಕೇಳಿಸುತ್ತದೆ, ಗುರೂಜಿ. ರೇಡಿಯೊ ಮಾತ್ರ ಬರುವುದಿಲ್ಲ. ರಂಧ್ರಕ್ಕೂ ರೇಡಿಯೊಕ್ಕೂ ಏನು ಸಂಬಂಧ?" ಎಂದು ಗೌರಿ ಕೇಳಿದಳು.

ಗುರೂಜಿ ಹಳೆಯ ರೇಡಿಯೊದ ಉದ್ದನೆಯ ಕಡ್ಡಿಯನ್ನು ಎಳೆದು ತೋರಿಸಿದರು. "ಇದು ಆಂಟೆನಾ. ಗಾಳಿಯಲ್ಲಿ ಬರುವ ರೇಡಿಯೊ ಅಲೆಗಳನ್ನು ಇದು ಹಿಡಿಯುತ್ತದೆ. ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲುಭಾಗದಷ್ಟು, ಅಂದರೆ ಸುಮಾರು 75 ಸೆಂಟಿಮೀಟರ್ ಉದ್ದದ ತಂತಿ ಇದ್ದರೆ ಅದು ಚೆನ್ನಾಗಿ ಸಿಗುತ್ತದೆ. ಫೋನಿನಲ್ಲಿ ಇಷ್ಟು ಉದ್ದದ ಕಡ್ಡಿ ಇಡಲಾದೀತೆ? ಅದಕ್ಕೆ ಇಯರ್‌ಫೋನಿನ ವಾಯರನ್ನೇ ಆಂಟೆನಾ ಮಾಡಿಕೊಂಡರು. ಅದೂ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ನಿನ್ನ ಅಜ್ಜನ ಇಯರ್‌ಫೋನ್ ಎರಡು ಕೆಲಸ ಮಾಡುತ್ತಿತ್ತು. ಆಕಾಶದಿಂದ ಧ್ವನಿಯನ್ನು ಹಿಡಿಯುತ್ತಿತ್ತು, ಕಿವಿಗೆ ತಲುಪಿಸುತ್ತಿತ್ತು. ರಂಧ್ರವಿಲ್ಲದ ಫೋನುಗಳಲ್ಲಿ ಸಾಮಾನ್ಯವಾಗಿ ಎಫ್.ಎಂ. ರೇಡಿಯೊವನ್ನೂ ಕೈಬಿಟ್ಟಿರುತ್ತಾರೆ."

"ಹಾಗಾದರೆ ಎಲ್ಲರ ರೇಡಿಯೊ ಹೋಗುತ್ತದೆಯೇ?"

"ಸರಕಾರವೂ ಈ ಬಗ್ಗೆ ಯೋಚಿಸಿದೆ. ನೆರೆ, ಚಂಡಮಾರುತ ಬಂದಾಗ ಫೋನಿನ ಗೋಪುರಗಳು ಕೆಡಬಹುದು. ಆಗಲೂ ರೇಡಿಯೊ ದೂರದಿಂದ ಸುದ್ದಿ ಮುಟ್ಟಿಸುತ್ತದೆ. ಆದ್ದರಿಂದ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಫೋನು ತಯಾರಕರಿಗೆ ಒಂದು ಸಲಹೆ ನೀಡಿತು. ಎಫ್.ಎಂ. ರೇಡಿಯೊ ಇರುವ ಫೋನಿನಲ್ಲಿ ಅದನ್ನು ಬಂದ್ ಮಾಡಬಾರದು, ಇಲ್ಲದಿದ್ದಲ್ಲಿ ಸೇರಿಸಬಹುದು ಎಂಬುದು ಆ ಸಲಹೆ. ಇಂಟರ್‌ನೆಟ್ ಮೂಲಕವೂ ಆಕಾಶವಾಣಿ ಕೇಳಬಹುದು. ಅದಕ್ಕೆ ನೆಟ್‌ವರ್ಕ್ ಚೆನ್ನಾಗಿರಬೇಕು."

"ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಮಾಳಿಗೆ ಹತ್ತಬೇಕು. ಅಜ್ಜನಿಗೆ ಹತ್ತಲು ಆಗುವುದಿಲ್ಲ" ಎಂದಳು ಗೌರಿ.

ಸಂಜೆ ಮನೆಗೆ ಬಂದವಳೇ ಗೌರಿ ಗೂಡಿನಲ್ಲಿದ್ದ ಹಳೆಯ ಬಟನ್ ಫೋನನ್ನು ಕೈಗೆತ್ತಿಕೊಂಡಳು. ಅದನ್ನು ಚಾರ್ಜಿಗೆ ಹಾಕಿ, ಇಯರ್‌ಫೋನ್ ಸಿಕ್ಕಿಸಿ ನೋಡಿದಳು. ರೇಡಿಯೊ ಸರಿಯಾಗಿಯೇ ಇತ್ತು. ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬಂದಿತು.

"ಅಪ್ಪಾ, ಈ ಫೋನು ಕೆಟ್ಟಿಲ್ಲ. ಇದರ ಬ್ಯಾಟರಿ ಮಾತ್ರ ಕೆಟ್ಟಿದೆ. ಬೇರೆ ಬ್ಯಾಟರಿ ಹಾಕಿಸೋಣ."

ಸಂತೆಯ ದಿನ ಅಪ್ಪ ಮತ್ತು ಗೌರಿ ಜತ್ತಕ್ಕೆ ಹೋದರು. ಫೋನ್ ದುರಸ್ತಿ ಅಂಗಡಿಯವರು ಹಳೆಯ ಬ್ಯಾಟರಿ ನೋಡಿ ಅದೇ ಅಳತೆಯದನ್ನು ಹುಡುಕಿ ಹಾಕಿಕೊಟ್ಟರು. ಹಳೆಯ ಬ್ಯಾಟರಿಯನ್ನು ಕಸದ ತಿಪ್ಪೆಗೆ ಎಸೆಯಬಾರದೆಂದು ಹೇಳಿ ತಾವೇ ಇಟ್ಟುಕೊಂಡರು.

ಮರುದಿನ ನಸುಕಿನಲ್ಲಿ ಗೌರಿಗೆ ಅಜ್ಜನ ಕೆಮ್ಮಿನ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದಳು. ಅಜ್ಜ ಕಟ್ಟೆಯ ಮೇಲೆ ಕುಳಿತಿದ್ದರು. ಎರಡೂ ಕಿವಿಯಲ್ಲಿ ವಾಯರ್ ಇತ್ತು. ಗೌರಿಯನ್ನು ಕಂಡು ಪಕ್ಕಕ್ಕೆ ಕರೆದರು. ಒಂದು ಕಿವಿಯದನ್ನು ತೆಗೆದು ಅವಳ ಕಿವಿಗೆ ಇಟ್ಟರು. ಯಾರೋ ತತ್ವಪದ ಹಾಡುತ್ತಿದ್ದರು. ಇಬ್ಬರೂ ಮಾತಾಡದೆ ಕೇಳಿದರು.

ಆ ರವಿವಾರ ಹೊಸ ಫೋನಿನಲ್ಲಿ ಪುಣೆಯ ಕಾಕಾನ ಮುಖ ಕಾಣಿಸಿತು. ಅಜ್ಜ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಮಗನನ್ನು ನೋಡಿ ನಕ್ಕರು. "ನಿನ್ನ ಮುಖ ನೋಡಲು ಈ ಫೋನು ಚಲೋ ಇದೆಯಪ್ಪಾ. ಆಕಾಶವಾಣಿಗೆ ಆ ಫೋನು ಚಲೋ" ಎಂದರು.

ಗೌರಿ ನಡೆದದ್ದನ್ನೆಲ್ಲ ಹೇಳಿದಳು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಪ್ಪು ನನ್ನದು, ಗೌರಿ. ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು, ಪರದೆ ಎಷ್ಟು ಎಂದು ಹತ್ತು ಪ್ರಶ್ನೆ ಕೇಳಿದೆ. ಅಪ್ಪ ಫೋನಿನಿಂದ ಏನು ಮಾಡುತ್ತಾರೆ ಎಂದು ಅವರನ್ನು ಒಂದು ಮಾತು ಕೇಳಲಿಲ್ಲ. ರಂಧ್ರ ಇರುವ, ರೇಡಿಯೊ ಇರುವ ಫೋನುಗಳೂ ಅದೇ ಅಂಗಡಿಯಲ್ಲಿದ್ದವು" ಎಂದರು.

ಹೊಸದೆಲ್ಲ ಬೇಡ ಎನ್ನುವುದು ಸರಿಯಲ್ಲ. ಹೊಸದೆಂಬ ಒಂದೇ ಕಾರಣಕ್ಕೆ ಕೊಳ್ಳುವುದೂ ಸರಿಯಲ್ಲ. ಯಾವುದೇ ಸಾಧನ ತರುವ ಮೊದಲು ಅದನ್ನು ಬಳಸುವವರು ಯಾರು, ಅವರಿಗೆ ಬೇಕಾದದ್ದು ಅದರಲ್ಲಿ ಇದೆಯೇ ಎಂದು ಕೇಳಬೇಕು. ಕೆಟ್ಟಿತೆಂದು ಎಸೆಯುವ ಮೊದಲು ಕೆಟ್ಟದ್ದು ಯಾವ ಭಾಗ ಎಂದು ನೋಡಬೇಕು.

ಹೊಸ ಶಬ್ದಗಳು

ನಸುಕು – ಬೆಳಗಿನ ಜಾವ
ಮಾಳಿಗೆ – ಮನೆಯ ಮೇಲ್ಛಾವಣಿ
ಗೂಡು – ಗೋಡೆಯಲ್ಲಿ ವಸ್ತು ಇಡುವ ಜಾಗ
ವಿನಿಮಯ ಕೇಂದ್ರ – ಫೋನ್ ಕರೆಗಳನ್ನು ಜೋಡಿಸುವ ಕಚೇರಿ
ಪೊರೆ – ತೆಳುವಾದ ಹಾಳೆಯಂಥ ಪದರು
ಇ-ತ್ಯಾಜ್ಯ – ಕೆಟ್ಟುಹೋದ ವಿದ್ಯುತ್ ಸಾಧನಗಳ ಕಸ
ದುರಸ್ತಿ – ರಿಪೇರಿ, ಸರಿಪಡಿಸುವುದು

ಸ್ವಾಧ್ಯಾಯ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅಜ್ಜ ಇಯರ್‌ಫೋನ್ ಹಾಕಿಕೊಂಡು ರೇಡಿಯೊ ಕೇಳುತ್ತಿದ್ದುದೇಕೆ?
2. 6.35 ಮಿಲಿಮೀಟರ್ ದಪ್ಪದ ಪಿನ್ನನ್ನು ಮೊದಲು ಎಲ್ಲಿ ಬಳಸಿದರು?
3. ಮೊದಲ ವಾಕ್‌ಮನ್‌ನಲ್ಲಿ ಎರಡು ರಂಧ್ರಗಳು ಏಕೆ ಇದ್ದವು?
4. ಹಳೆಯ ಫೋನಿನಲ್ಲಿ ಕೆಟ್ಟಿದ್ದ ಭಾಗ ಯಾವುದು?

ಆ) ಮೂರು-ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಇಯರ್‌ಫೋನಿನಲ್ಲಿ ಧ್ವನಿ ಹೇಗೆ ಉಂಟಾಗುತ್ತದೆ?
2. "ಇಯರ್‌ಫೋನ್ ಎರಡು ಕೆಲಸ ಮಾಡುತ್ತಿತ್ತು" ಎಂದು ಗುರೂಜಿ ಏಕೆ ಹೇಳಿದರು?
3. ವಾಯರಿಲ್ಲದ ಇಯರ್‌ಫೋನಿನ ಅನುಕೂಲ ಮತ್ತು ಅನಾನುಕೂಲಗಳನ್ನು ಬರೆಯಿರಿ.
4. ಕಾಕಾ "ತಪ್ಪು ನನ್ನದು" ಎಂದು ಏಕೆ ಹೇಳಿದರು? ನೀವು ಅದನ್ನು ಒಪ್ಪುವಿರಾ?

ಇ) ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಇಯರ್‌ಫೋನ್ ಪಿನ್ನಿನ ದಪ್ಪ ........ ಮಿಲಿಮೀಟರ್.
2. ಸೋನಿ ಕಂಪನಿ ವಾಕ್‌ಮನ್ ಮಾರಾಟಕ್ಕೆ ತಂದ ವರ್ಷ ........
3. ಎಫ್.ಎಂ. ಅಲೆಯ ಉದ್ದ ಸುಮಾರು ........ ಮೀಟರ್.

ಈ) ಯಾರು ಯಾರಿಗೆ ಹೇಳಿದರು?
1. "ನನ್ನ ಬೆರಳಿಗೆ ಸಿಗವಲ್ಲದು."
2. "ಬೇರೆ ಬ್ಯಾಟರಿ ಹಾಕಿಸೋಣ."
3. "ಆಕಾಶವಾಣಿಗೆ ಆ ಫೋನು ಚಲೋ."

ಉ) ಮಾದರಿಯಂತೆ ವಿರುದ್ಧ ಪದ ಬರೆಯಿರಿ.
ಮಾದರಿ: ಅನುಕೂಲ × ಅನಾನುಕೂಲ
ಹಳೆಯ, ದಪ್ಪ, ದುಬಾರಿ, ಹತ್ತಿರ

ಉಪಕ್ರಮ: ನಿಮ್ಮ ಮನೆಯಲ್ಲಿ ಬಳಸದೆ ಇಟ್ಟಿರುವ ಮೂರು ಸಾಧನಗಳನ್ನು ಹುಡುಕಿರಿ. ಅವುಗಳಲ್ಲಿ ಯಾವ ಭಾಗ ಕೆಟ್ಟಿದೆ, ದುರಸ್ತಿ ಸಾಧ್ಯವೇ ಎಂದು ಹಿರಿಯರಿಂದ ಕೇಳಿ ತಿಳಿದು ಒಂದು ಪಟ್ಟಿ ಮಾಡಿರಿ. ನಿಮ್ಮ ಅಜ್ಜ, ಅಜ್ಜಿ ಚಿಕ್ಕವರಿದ್ದಾಗ ಸುದ್ದಿ ಮತ್ತು ಹಾಡುಗಳನ್ನು ಹೇಗೆ ಕೇಳುತ್ತಿದ್ದರೆಂದು ವಿಚಾರಿಸಿ ಹತ್ತು ಸಾಲು ಬರೆಯಿರಿ.